ಮೆರವಣಿಗೆಯ ಬದಿಯಲ್ಲಿ ಪೊಲೀಸರಿರಲಿ, ಸಾಲಿನೊಳಗೆ ಸಮವಸ್ತ್ರ ಬೇಡ

ಸಲಿಂಗಿ, ಟ್ರಾನ್ಸ್ ಮುಂತಾದ ಲೈಂಗಿಕ ಅಲ್ಪಸಂಖ್ಯಾತರ ಪ್ರೈಡ್ ಮೆರವಣಿಗೆಗೆ ಪೊಲೀಸರನ್ನು ಸೇರಿಸಿಕೊಳ್ಳಬೇಕೇ ಎಂದು ಸಂಘಟಕರು ಸಲಹೆ ಕೇಳಿದಾಗ, ಮೂರು ಸಂಗತಿಗಳನ್ನು ನಾನು ಮೊದಲು ಬೇರೆ ಬೇರೆ ಮಾಡುತ್ತೇನೆ. ಬಂದೋಬಸ್ತಿಗಾಗಿ ರಸ್ತೆಬದಿ ನಿಲ್ಲುವುದು ಪೊಲೀಸರ ಕರ್ತವ್ಯ. ಕೆಲಸವಿಲ್ಲದ ದಿನ ಸ್ವಂತ ಬಟ್ಟೆಯಲ್ಲಿ ಬಂದು ಹೆಜ್ಜೆ ಹಾಕುವುದು ಅವರ ಹಕ್ಕು. ತಕರಾರು ಇರುವುದು ಇವೆರಡರ ನಡುವಿನದ್ದರಲ್ಲಿ: ಇಲಾಖೆಯ ಬ್ಯಾನರ್ ಹಿಡಿದು, ಸಮವಸ್ತ್ರ ತೊಟ್ಟು, ಇಲಾಖೆಯ ಹೆಸರಿನಲ್ಲೇ ನಡೆಯುವುದು. ಪೊಲೀಸ್ ನಡವಳಿಕೆಯ ಪ್ರಕರಣಗಳನ್ನು ನಡೆಸುವ ವಕೀಲೆಯಾಗಿ ನಾನು ಅದನ್ನು ಒಪ್ಪುವುದಿಲ್ಲ.

ಈ ಮೆರವಣಿಗೆ ಹುಟ್ಟಿದ್ದೇ ಪೊಲೀಸ್ ದಾಳಿಯ ವಿರುದ್ಧ. 1969ರ ಜೂನ್ 28ರ ನಸುಕಿನಲ್ಲಿ ಸಲಿಂಗಿಗಳು ಸೇರುತ್ತಿದ್ದ ನ್ಯೂಯಾರ್ಕಿನ ಬಾರ್ ಸ್ಟೋನ್‌ವಾಲ್ ಇನ್ ಮೇಲೆ ದಾಳಿ ನಡೆಯಿತು. ಮರುವರ್ಷ ಅದೇ ದಿನ ಮೊದಲ ಮೆರವಣಿಗೆ ಹೊರಟಿತು. ಆ ದಾಳಿಗಾಗಿ ನಗರದ ಪೊಲೀಸ್ ಆಯುಕ್ತರು ಕ್ಷಮೆ ಕೇಳಿದ್ದು 2019ರಲ್ಲಿ. ಸಿಡ್ನಿಯಲ್ಲಿ ಇಂಥದೇ ಮೆರವಣಿಗೆಯಾದ ಮಾರ್ಡಿ ಗ್ರಾ ಮೊದಲ ಬಾರಿ ನಡೆದಾಗ, 1978ರಲ್ಲಿ, 53 ಮಂದಿಯನ್ನು ಬಂಧಿಸಲಾಗಿತ್ತು.

ಹಳೆಯದನ್ನು ಮರೆಯಬಾರದೇ ಎಂದು ಕೇಳುವವರಿಗೆ ನಾನು ಟೊರಾಂಟೊದ ಕಥೆ ಹೇಳುತ್ತೇನೆ. 1981ರ ಫೆಬ್ರುವರಿಯಲ್ಲಿ ಅಲ್ಲಿನ ಪೊಲೀಸರು ಸಲಿಂಗಿ ಪುರುಷರು ಸೇರುತ್ತಿದ್ದ ಸ್ನಾನಗೃಹಗಳಿಗೆ ನುಗ್ಗಿ ಸುಮಾರು 300 ಮಂದಿಯನ್ನು ಹಿಡಿದರು. ಅದಕ್ಕೆ 2016ರಲ್ಲಿ ವಿಷಾದ ವ್ಯಕ್ತವಾಯಿತು. ಆದರೆ ಅದೇ ಹೊತ್ತಿನಲ್ಲಿ ನಗರದ ಸಲಿಂಗಿಗಳ ಬಡಾವಣೆಯಿಂದ ಗಂಡಸರು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದರು. ಇದು ಸರಣಿ ಹಂತಕನ ಕೆಲಸವಿರಬಹುದು ಎಂದು ಸಮುದಾಯ ಭಯಪಡುತ್ತಿದ್ದರೆ, ಅದಕ್ಕೆ ಸಾಕ್ಷ್ಯವಿಲ್ಲ ಎಂದು 2017ರ ಡಿಸೆಂಬರಿನಲ್ಲೂ ಪೊಲೀಸ್ ಮುಖ್ಯಸ್ಥರು ಹೇಳಿದರು. ಮುಂದಿನ ತಿಂಗಳೇ ಹಂತಕ ಸಿಕ್ಕಿಬಿದ್ದ. ಅವನು ಕೊಂದದ್ದು ಎಂಟು ಮಂದಿಯನ್ನು. ಅವರಲ್ಲಿ ಹೆಚ್ಚಿನವರು ದಕ್ಷಿಣ ಏಷ್ಯಾ ಮತ್ತು ಮಧ್ಯಪ್ರಾಚ್ಯ ಮೂಲದವರು. 2019ರಲ್ಲಿ ಪೊಲೀಸರನ್ನು ಮತ್ತೆ ಸೇರಿಸಿಕೊಳ್ಳುವ ಪ್ರಸ್ತಾಪವನ್ನು ಪ್ರೈಡ್ ಸದಸ್ಯರು 163ಕ್ಕೆ 161 ಮತಗಳಿಂದ ತಳ್ಳಿಹಾಕಿದರು. ಎರಡೇ ಮತಗಳ ಅಂತರ! ಸಮುದಾಯ ಎಷ್ಟು ನೋವಿನಿಂದ ಇಬ್ಭಾಗವಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಎದುರಿನ ವಾದ ಹಗುರವಾದುದಲ್ಲ. 1981ರಲ್ಲಿ ಚಾರ್ಲ್ಸ್ ಕಾಕ್ರೇನ್ ಎಂಬ ನ್ಯೂಯಾರ್ಕಿನ ಸಾರ್ಜೆಂಟ್ ನಗರಸಭೆಯ ಮುಂದೆ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿದರು. ಮರುವರ್ಷ ಸಲಿಂಗಿ ಪೊಲೀಸರ ಸಂಘ ಕಟ್ಟಿದರು. ಸಹೋದ್ಯೋಗಿಗಳ ಹೀಯಾಳಿಕೆ ಸಹಿಸಿ ಆ ಸಮವಸ್ತ್ರವನ್ನು ಉಳಿಸಿಕೊಂಡವರಿಗೆ, 2021ರಲ್ಲಿ ನ್ಯೂಯಾರ್ಕ್ ಪ್ರೈಡ್ ಪೊಲೀಸರಿಗೆ ಬಾಗಿಲು ಮುಚ್ಚಿದಾಗ ಆದ ನೋವು ನಿಜವಾದದ್ದು. ಆದರೂ ಸಮವಸ್ತ್ರದೊಂದಿಗೆ ಬರುವುದು ಆ ಒಬ್ಬ ವ್ಯಕ್ತಿ ಮಾತ್ರವಲ್ಲ. ಬಂಧಿಸುವ, ಬಲ ಪ್ರಯೋಗಿಸುವ, ದೂರನ್ನು ಪಕ್ಕಕ್ಕಿಡುವ ಅಧಿಕಾರವೂ ಜೊತೆಗೇ ಬರುತ್ತದೆ. ಠಾಣೆಯಲ್ಲಿ ಅವಮಾನಿತಳಾದ ಟ್ರಾನ್ಸ್ ಮಹಿಳೆ ಆ ಬಟ್ಟೆಯ ಪಕ್ಕ ನಿರಾಳವಾಗಿ ನಡೆಯಬೇಕೆಂದು ಕೇಳುವ ಹಕ್ಕು ಯಾರಿಗೂ ಇಲ್ಲ.

ಇನ್ನೊಂದು ದಿಕ್ಕಿನಿಂದ ಬಂದ ಕಾರಣವೂ ಇದೆ. 2024ರ ನ್ಯೂಕಾಸಲ್ ಪ್ರೈಡ್‌ನಲ್ಲಿ ಅಧಿಕಾರಿಗಳು ಸಮವಸ್ತ್ರದಲ್ಲಿ ಭಾಗವಹಿಸಲು ನಾರ್ಥಂಬ್ರಿಯಾ ಪೊಲೀಸ್ ಮುಖ್ಯಸ್ಥರು ಅನುಮತಿ ಕೊಟ್ಟದ್ದು ಪೊಲೀಸರ ನಿಷ್ಪಕ್ಷಪಾತದ ಕರ್ತವ್ಯಕ್ಕೆ ವಿರುದ್ಧ, ಹಾಗಾಗಿ ಕಾನೂನುಬಾಹಿರ ಎಂದು ಇಂಗ್ಲೆಂಡಿನ ಹೈಕೋರ್ಟ್ 2025ರ ಜುಲೈನಲ್ಲಿ ತೀರ್ಪಿತ್ತಿತು. ಅರ್ಜಿದಾರೆ ಸ್ವತಃ ಸಲಿಂಗಿ, ಲಿಂಗ ಗುರುತಿನ ವಿಚಾರದಲ್ಲಿ ಮೆರವಣಿಗೆಯ ನಿಲುವನ್ನು ಒಪ್ಪದವರು. ಆಕೆಯ ಅಭಿಪ್ರಾಯ ನನ್ನದಲ್ಲ. ಆದರೆ ನಾಳೆ ಆಕೆಗೂ ಮೆರವಣಿಗೆಯವರಿಗೂ ಜಗಳವಾದರೆ ಅದೇ ಪೊಲೀಸರು ಇಬ್ಬರ ದೂರನ್ನೂ ಕೇಳಬೇಕಲ್ಲವೇ? ನಿಷ್ಪಕ್ಷಪಾತದ ಈ ನಿಯಮ ಸಡಿಲವಾದರೆ ಮೊದಲು ಪೆಟ್ಟು ತಿನ್ನುವವರು ಅಲ್ಪಸಂಖ್ಯಾತರೇ. ಪ್ರೈಡ್ ವಿರೋಧಿಗಳ ಮೆರವಣಿಗೆಯಲ್ಲೂ ಸಮವಸ್ತ್ರ ಕಾಣಿಸಿಕೊಂಡರೆ ಆಗ ನಾವು ಯಾವ ಬಾಯಿಂದ ಆಕ್ಷೇಪಿಸುವುದು?

ಸಿಡ್ನಿಯಲ್ಲಿ 2024ರಲ್ಲಿ ಒಂದು ದಾರಿ ಸಿಕ್ಕಿತು. ಸಲಿಂಗಿ ಜೋಡಿಯೊಂದರ ಕೊಲೆಯ ಆರೋಪ ಪೊಲೀಸ್ ಸಿಬ್ಬಂದಿಯೊಬ್ಬನ ಮೇಲೆ ಬಂದಾಗ ಮಾರ್ಡಿ ಗ್ರಾ ಆಡಳಿತ ಮಂಡಳಿಯು ಪೊಲೀಸರಿಗೆ ಬರಬೇಡಿ ಎಂದಿತು. ಮಾತುಕತೆಯ ನಂತರ ಅವರು ಸಮವಸ್ತ್ರವಿಲ್ಲದೆ ನಡೆದರು. ನಾನು ಸಂಘಟಕರಿಗೆ ಸೂಚಿಸುವುದೂ ಇದನ್ನೇ. ಒಪ್ಪಂದ ಬಾಯಿಮಾತಿನದಾಗದೆ ಬರಹದಲ್ಲಿರಲಿ. ಸಮವಸ್ತ್ರ, ಆಯುಧ, ಇಲಾಖೆಯ ವಾಹನ ಸಾಲಿನೊಳಗೆ ಬರುವುದಿಲ್ಲ ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ದಾಳಿಯಾದರೆ ಎಷ್ಟು ಬೇಗ, ಎಲ್ಲಿಂದ ನೆರವು ಬರುತ್ತದೆ ಎಂಬುದನ್ನೂ ಸೇರಿಸಿ. ಸಂಪರ್ಕಾಧಿಕಾರಿಯೊಬ್ಬರ ಹೆಸರನ್ನು ಕೇಳಿ ಪಡೆಯಿರಿ. ಅವರ ಹೊಣೆ ಮೆರವಣಿಗೆಯ ಸಂಜೆಗೆ ಮುಗಿಯದೆ, ಸಮುದಾಯದಿಂದ ಬರುವ ಪ್ರತಿ ದೂರು ಎಲ್ಲಿಗೆ ಬಂತು ಎಂದು ವರ್ಷವಿಡೀ ಉತ್ತರಿಸುವಂತಿರಲಿ.