ಹಾಸಿಗೆ ಮೇಲೆ ಉಚ್ಚೆ ಮಾಡುವ ಬೆಕ್ಕಿಗೆ ಸೇಡಿಲ್ಲ, ನೋವಿದೆ

"ಇದಕ್ಕೆ ಹೊಟ್ಟೆಕಿಚ್ಚು ಡಾಕ್ಟ್ರೇ. ಮೊಮ್ಮಗು ಮನೆಗೆ ಬಂದಾಗಿನಿಂದ ಬೇಕಂತಲೇ ನನ್ನ ಹಾಸಿಗೆ ಮೇಲೆ ಉಚ್ಚೆ ಮಾಡುತ್ತೆ."

ಬುಟ್ಟಿಯ ಮೂಲೆಯಲ್ಲಿ ಮುದುಡಿ ಕೂತಿದ್ದ ನಾಲ್ಕು ವರ್ಷದ ಗಂಡು ಬೆಕ್ಕನ್ನು ತೋರಿಸಿ ಅಜ್ಜಿ ದೂರು ಕೊಟ್ಟರು. ಜೊತೆಗೆ ಬಂದಿದ್ದ ಮಗ ಮಾತಾಡಲಿಲ್ಲ. ಆದರೆ ಬೆಕ್ಕಿಗೆ ಬೇರೆ ಮನೆ ಹುಡುಕುವ ಮಾತು ಮನೆಯಲ್ಲಿ ಆಗಲೇ ನಡೆದಿದೆ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಇಂಥ ದೂರು ನನಗೆ ಹೊಸದಲ್ಲ. ಸೇಡು, ಹಟ, ಕೊಬ್ಬು ಅಂತ ಮನೆಗೊಂದು ಹೆಸರು ಅಷ್ಟೇ.

ಹೊಟ್ಟೆ ಮುಟ್ಟಿ ನೋಡಿದೆ. ಮೂತ್ರಕೋಶ ಚಿಕ್ಕದಾಗಿ, ಗಟ್ಟಿಯಾಗಿ ಕೈಗೆ ಸಿಕ್ಕಿತು. ಸ್ವಲ್ಪ ಒತ್ತಿದರೂ ಬೆಕ್ಕು ಗುರ್ ಅಂದಿತು. ಉಚ್ಚೆಯಲ್ಲಿ ರಕ್ತ ಇತ್ತು, ಬ್ಯಾಕ್ಟೀರಿಯಾ ಇರಲಿಲ್ಲ. ಸ್ಕ್ಯಾನ್ ಮಾಡಿಸಿದರೆ ಕಲ್ಲೂ ಇಲ್ಲ. ಸೋಂಕಿಲ್ಲ, ಕಲ್ಲಿಲ್ಲ, ಆದರೂ ಮೂತ್ರಕೋಶದ ಒಳಪದರ ಊದಿಕೊಂಡು ಉರಿಯುತ್ತಿದೆ. ಇದಕ್ಕೆ ನಾವು ಇಟ್ಟ ಹೆಸರು ಫೀಲೈನ್ ಇಡಿಯೋಪಥಿಕ್ ಸಿಸ್ಟೈಟಿಸ್. ಇಡಿಯೋಪಥಿಕ್ ಅಂದರೆ 'ಕಾರಣ ಗೊತ್ತಿಲ್ಲ' ಅಂತ. ನಮ್ಮ ಅಜ್ಞಾನಕ್ಕೆ ವೈದ್ಯರು ಹೊದಿಸಿದ ಗ್ರೀಕ್ ಶಾಲು ಅದು. ಹೀಗೆ ತಿಣುಕಿ ತಿಣುಕಿ, ಎಲ್ಲೆಂದರಲ್ಲಿ ಉಚ್ಚೆ ಮಾಡುವ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಗುಂಪಿಗೆ ಸೇರುತ್ತವೆ.

ಒಂದು ತಪ್ಪೊಪ್ಪಿಗೆ. ಕೆಲಸ ಶುರು ಮಾಡಿದ ಹೊಸದರಲ್ಲಿ ಇಂಥ ಬೆಕ್ಕುಗಳಿಗೆಲ್ಲ ನಾನು ಐದು ದಿನದ ಆ್ಯಂಟಿಬಯಾಟಿಕ್ ಬರೆದುಕೊಡುತ್ತಿದ್ದೆ. ಬೆಕ್ಕು ಹುಷಾರಾಗುತ್ತಿತ್ತು. ಮನೆಯವರಿಗೆ ಖುಷಿ, ನನಗೂ ಖುಷಿ. ಆಮೇಲೆ ಗೊತ್ತಾಯಿತು, ಈ ಉರಿ ಮದ್ದಿಲ್ಲದೆ ಬಿಟ್ಟರೂ ಹೆಚ್ಚಿನ ಬೆಕ್ಕುಗಳಲ್ಲಿ ಒಂದು ವಾರದೊಳಗೆ ತಾನಾಗಿ ಇಳಿಯುತ್ತದೆ ಅಂತ. ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಅಂದುಕೊಂಡ ಮುದುಕಿಯ ಹಾಗಾಗಿತ್ತು ನನ್ನ ಕಥೆ. ಎರಡು ತಿಂಗಳು ಬಿಟ್ಟು ಅದೇ ಬೆಕ್ಕು ಅದೇ ದೂರಿನ ಜೊತೆ ವಾಪಸ್ ಬರುತ್ತಿತ್ತು.

ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಟೋನಿ ಬಫಿಂಗ್ಟನ್ ಎಂಬ ಪಶುವೈದ್ಯರು ವರ್ಷಗಟ್ಟಲೆ ಇದೊಂದೇ ಕಾಯಿಲೆಯ ಬೆನ್ನು ಹತ್ತಿದ್ದರು. ಅವರೂ ಅವರ ತಂಡವೂ ಕಂಡುಕೊಂಡದ್ದು ಇದು: ದೋಷ ಬರೀ ಮೂತ್ರಕೋಶದಲ್ಲಿಲ್ಲ. ಈ ಬೆಕ್ಕುಗಳ ನರಮಂಡಲ ಸದಾ ಅಪಾಯದ ಗಂಟೆ ಬಾರಿಸುತ್ತಲೇ ಇರುತ್ತದೆ. ಆದರೆ ಆ ಗಾಬರಿಯನ್ನು ತಣಿಸಬೇಕಾದ ಕಾರ್ಟಿಸಾಲ್ ಎಂಬ ಹಾರ್ಮೋನು ಅದಕ್ಕೆ ತಕ್ಕಷ್ಟು ಏರುವುದಿಲ್ಲ. ಮನೆಯಲ್ಲಿ ಏನೋ ಬದಲಾಯಿತು ಅಂದರೆ ಅದರ ಬಿಸಿ ಮೂತ್ರಕೋಶಕ್ಕೆ ತಟ್ಟುತ್ತದೆ.

2011ರಲ್ಲಿ ಇದೇ ತಂಡದ ಇನ್ನೊಂದು ಅಧ್ಯಯನ ಬಂತು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು. ಈ ಕಾಯಿಲೆ ಇದ್ದ 20 ಬೆಕ್ಕು, ಆರೋಗ್ಯವಾಗಿದ್ದ 12 ಬೆಕ್ಕು. ಒಟ್ಟು 77 ವಾರ ದಿನಾ ಗಮನಿಸಿದರು. ಹೊತ್ತಿಗೆ ಸರಿಯಾಗಿ ಊಟ, ಅದೇ ಮುಖಗಳು, ಆಟ, ಶಾಂತ ಜಾಗ. ನಡುನಡುವೆ ನೋಡಿಕೊಳ್ಳುವವರು ಬದಲಾದರು, ದಿನಚರಿ ಏರುಪೇರಾಯಿತು. ಆಗೆಲ್ಲ ಬೆಕ್ಕುಗಳು ಊಟ ಕಡಿಮೆ ಮಾಡಿದವು, ಮಲಮೂತ್ರಕ್ಕೆ ಇಟ್ಟ ಟ್ರೇಯ ಹೊರಗೆ ಹೊಲಸು ಮಾಡಿದವು. ಕಾಯಿಲೆಯ ಬೆಕ್ಕು ಮಾತ್ರ ಅಲ್ಲ, ಆರೋಗ್ಯವಾಗಿದ್ದವೂ ಹಾಗೇ ಮಾಡಿದವು! ಅಂದರೆ ಚೆನ್ನಾಗಿರುವ ಬೆಕ್ಕು ಕೂಡ ನೋಡಿಕೊಳ್ಳುವವರು ಬದಲಾದರೆ ಕಾಯಿಲೆ ಬಿದ್ದ ಹಾಗೆ ಆಡುತ್ತದೆ.

ಹಾಗಾಗಿ ಈಗ ನಾನು ಬೆಕ್ಕಿನ ಹೊಟ್ಟೆಗಿಂತ ಮನೆಯ ನಕ್ಷೆಯನ್ನೇ ಜಾಸ್ತಿ ಹೊತ್ತು ನೋಡುತ್ತೇನೆ. ಅಜ್ಜಿಯ ಕೈಗೆ ಪೆನ್ನು ಕೊಟ್ಟು, ಮನೆ ಬರೆದು ತೋರಿಸಿ ಅಂದೆ. ಎರಡು ಬೆಡ್‌ರೂಮಿನ ಫ್ಲ್ಯಾಟ್. ಬೆಕ್ಕು ದಿನಾ ಕೂರುತ್ತಿದ್ದ ಹಾಲ್‌ನ ಕಿಟಕಿ ಕೆಳಗೆ ಈಗ ತೊಟ್ಟಿಲು. ಬೆಕ್ಕು ಹತ್ತಿರ ಹೋದರೆ ಎಲ್ಲರೂ "ಹುಶ್ ಹುಶ್". ಲಿಟರ್ ಟ್ರೇ ಎಲ್ಲಿ? ಯುಟಿಲಿಟಿಯಲ್ಲಿ, ವಾಷಿಂಗ್ ಮಷೀನ್ ಪಕ್ಕ. ಮಗುವಿನ ಬಟ್ಟೆ ಒಗೆಯಲು ಮಷೀನ್ ಬೆಳಗ್ಗೆಯಿಂದ ಸಂಜೆವರೆಗೆ ಗಡಗಡ. ಟ್ರೇಗೆ ಮುಚ್ಚಳ, ಒಳಗೆ ಲ್ಯಾವೆಂಡರ್ ವಾಸನೆಯ ಲಿಟರ್, ಅಂದರೆ ಉಚ್ಚೆ ಹೀರುವ ಮರಳಿನಂಥ ಪುಡಿ. ವಾಸನೆ ನಮಗೆ ಹಿತ. ಬೆಕ್ಕಿನ ಮೂಗಿಗೆ ಅದು ಮುಚ್ಚಿದ ಡಬ್ಬದೊಳಗೆ ಅಗರಬತ್ತಿ ಹಚ್ಚಿ ಕೂರಿಸಿದ ಹಾಗೆ.

ಅದರ ಮೇಲೆ ನೋವು ಬೇರೆ. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಗೊತ್ತಲ್ವಾ? ಸುಡುವ ಹಾಲಿಗೆ ಒಂದು ಸಲ ಬಾಯಿಟ್ಟದ್ದು, ಆಮೇಲೆ ಹಾಲು ಕಂಡರೇ ಓಡಿಹೋಗುತ್ತಿತ್ತು. ಇಲ್ಲೂ ಅದೇ ಲೆಕ್ಕ. ಟ್ರೇಯಲ್ಲಿ ಕೂತಾಗಲೆಲ್ಲ ಉರಿದರೆ ಬೆಕ್ಕು ಟ್ರೇಯನ್ನೇ ದೂರುತ್ತದೆ. ಉರಿಯದ ಜಾಗ ಹುಡುಕುತ್ತದೆ. ಮೆತ್ತಗಿರುವ, ಮನೆಯವರ ವಾಸನೆ ಇರುವ, ಗದ್ದಲವಿಲ್ಲದ ಜಾಗ ಯಾವುದು? ಅಜ್ಜಿಯ ಹಾಸಿಗೆ. "ನಿಮ್ಮ ಮೇಲೆ ಕೋಪ ಅಲ್ಲಮ್ಮಾ, ನಂಬಿಕೆ" ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ನೋವಿಗೆ ಕೆಲವು ದಿನದ ಔಷಧಿ ಕೊಟ್ಟೆ. ನೋವು ಅಂದ ತಕ್ಷಣ ಮಗ, "ಮನೆಯಲ್ಲಿ ಪ್ಯಾರಾಸಿಟಮಾಲ್ ಇದೆ, ಕಾಲು ಮಾತ್ರೆ ಕೊಡಬಹುದಾ ಸರ್?" ಅಂದರು. ದಯವಿಟ್ಟು ಬೇಡ. ಬೆಕ್ಕಿನ ಲಿವರ್‌ಗೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಇಲ್ಲ. ಒಂದು ಮಾತ್ರೆಯೇ ಪ್ರಾಣ ತೆಗೆಯಬಹುದು. ಹೊಲಸಾದ ಜಾಗ ಒರೆಸಲು ಫಿನಾಯಿಲ್ ಬೇಡ ಅನ್ನುವುದಕ್ಕೂ ಇದೇ ಕಾರಣ. ಅದು ಬೆಕ್ಕಿನ ಪಾದಕ್ಕೆ ಅಂಟುತ್ತದೆ, ಪಾದ ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ.

ಮನೆಗೆ ಬರೆದುಕೊಟ್ಟ ಚೀಟಿಯಲ್ಲಿ ಔಷಧಿಗಿಂತ ಸಾಮಾನಿನ ಪಟ್ಟಿಯೇ ಉದ್ದ ಇತ್ತು. ಇನ್ನೊಂದು ಟ್ರೇ, ಬೇರೆ ಮೂಲೆಯಲ್ಲಿ. ಅಂಗಡಿಯ ಪುಟ್ಟ ಟ್ರೇ ಅಲ್ಲ, ಬಟ್ಟೆ ತುಂಬಿಡುವ ಅಗಲದ ಪ್ಲಾಸ್ಟಿಕ್ ಡಬ್ಬದ ಒಂದು ಬದಿ ತಗ್ಗಿಸಿ ಕೊಯ್ದರೆ ಸಾಕು. ಟ್ರೇ ದೊಡ್ಡದಿದ್ದಷ್ಟೂ ಬೆಕ್ಕಿಗೆ ಇಷ್ಟ. ಮುಚ್ಚಳ ತೆಗೆಯಿರಿ, ವಾಸನೆ ಇಲ್ಲದ ಲಿಟರ್ ಹಾಕಿ. ಬೆಕ್ಕಿನ ಒಣ ಆಹಾರದ ಜೊತೆ ನೀರು ಬೆರೆಸಿದ ಮೆತ್ತಗಿನ ಊಟ ಕೊಡಿ, ಉಚ್ಚೆ ತಿಳಿಯಾಗಲಿ. ನೀರಿನ ಬದಲು ಹಾಲು ಇಡಬೇಡಿ, ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಅದು ಜೀರ್ಣವಾಗುವುದಿಲ್ಲ. ಕಿಟಕಿ ಹೋಯಿತಲ್ಲ, ಅದರ ಬದಲಿಗೆ ಬೀರು ಮೇಲೆ ಹಳೇ ಟವೆಲ್ ಹಾಸಿದ ಒಂದು ರಟ್ಟಿನ ಡಬ್ಬ ಇಡಿ. ದಿನಾ ಹತ್ತು ನಿಮಿಷ ದಾರಕ್ಕೆ ಪುಕ್ಕ ಕಟ್ಟಿ ಆಡಿಸಿ, ಆಮೇಲೆ ದಾರ ಎತ್ತಿಡಿ.

"ಇಷ್ಟಕ್ಕೆಲ್ಲ ಕಾಯಿಲೆ ಹೋಗುತ್ತಾ?" ಅಂತ ಮಗ ಕೇಳಿದರು. ನ್ಯಾಯವಾದ ಪ್ರಶ್ನೆಯೇ. 2006ರಲ್ಲಿ ಬಫಿಂಗ್ಟನ್ ತಂಡ ಜನರ ಮನೆಗಳಲ್ಲಿದ್ದ 46 ಬೆಕ್ಕುಗಳಿಗೆ ಹೀಗೇ ಮನೆ ತಿದ್ದಿಸಿ, 10 ತಿಂಗಳು ಹಿಂಬಾಲಿಸಿ ನೋಡಿತು. ಉಚ್ಚೆಯ ತೊಂದರೆಯೂ ಇಳಿಯಿತು, ಅಂಜಿಕೆಯೂ ಇಳಿಯಿತು. ಆ ಅಧ್ಯಯನದಲ್ಲಿ ಏನೂ ಬದಲಾಯಿಸದೆ ಬಿಟ್ಟ ಮನೆಗಳ ಹೋಲಿಕೆ ಇರಲಿಲ್ಲ. ಹಾಗಾಗಿ ಅದನ್ನೇ ಕೊನೆಯ ಮಾತು ಅನ್ನಲಾರೆ. ಆದರೆ ರಟ್ಟಿನ ಡಬ್ಬಕ್ಕೆ ಅಡ್ಡಪರಿಣಾಮ ಇಲ್ವಲ್ಲ.

ಡಬ್ಬದ ಮಾತು ಸುಮ್ನೆ ಹೇಳಿದ್ದಲ್ಲ. 2014ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಬೆಕ್ಕುಗಳ ಆಶ್ರಯಧಾಮವೊಂದರಲ್ಲಿ ಹೊಸದಾಗಿ ಬಂದ 19 ಬೆಕ್ಕುಗಳ ಪೈಕಿ 10ಕ್ಕೆ ಬಚ್ಚಿಟ್ಟುಕೊಳ್ಳಲು ಡಬ್ಬ ಕೊಟ್ಟರು, 9ಕ್ಕೆ ಕೊಡಲಿಲ್ಲ. ಮೂರು ನಾಲ್ಕನೇ ದಿನಕ್ಕೇ ಡಬ್ಬದ ಬೆಕ್ಕುಗಳ ಆತಂಕ ಎದ್ದುಕಾಣುವಷ್ಟು ಕಡಿಮೆ ಆಗಿತ್ತು. ನಾವು ಮಾಡುವುದೇನು? ಮಂಚದ ಕೆಳಗೆ ಸೇರಿಕೊಂಡ ಬೆಕ್ಕನ್ನು "ಪಾಪ, ಹೆದರಿದೆ" ಅಂತ ಎಳೆದು ತೆಗೆದು ಮುದ್ದು ಮಾಡುತ್ತೇವೆ. ಬಚ್ಚಿಟ್ಟುಕೊಳ್ಳುವುದೇ ಅದರ ಮದ್ದು. ಅದನ್ನೇ ಕಿತ್ತುಕೊಳ್ಳುತ್ತೇವೆ. ಹಾಗಂತ ಊಟ ಬಿಟ್ಟು ದಿನವಿಡೀ ಕತ್ತಲಲ್ಲೇ ಕೂತರೆ ಅದು ಬೇರೆ, ಆಗ ಕರೆತನ್ನಿ.

ಗಂಡು ಬೆಕ್ಕು ಸಾಕಿದವರಿಗೆ ಇನ್ನೂ ಒಂದು ಮಾತು, ಇದನ್ನು ಮರೆಯಬೇಡಿ. ಅವಕ್ಕೆ ಮೂತ್ರನಾಳ ತುಂಬ ಸಣ್ಣ. ಈ ಉರಿಯಿಂದಲೇ ಅದು ಕಟ್ಟಿಕೊಳ್ಳಬಹುದು. ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕುತ್ತಿದೆ, ಒಂದು ಹನಿಯೂ ಬರುತ್ತಿಲ್ಲ, ವಾಂತಿ ಮಾಡುತ್ತಿದೆ ಅಂದರೆ ರಾತ್ರಿ ಎರಡು ಗಂಟೆಯಾದರೂ ಹೊರಡಿ. ಉಚ್ಚೆ ಹೊರಹೋಗದೆ ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಮಲಬದ್ಧತೆ ಇರಬೇಕು ಅಂದುಕೊಂಡು ಎರಡು ದಿನ ಕಾದು ತಂದ ಬೆಕ್ಕುಗಳನ್ನು ಕಳೆದುಕೊಂಡಿದ್ದೇನೆ.

ಅಜ್ಜಿಯ ಬೆಕ್ಕು ಪೂರ್ತಿ ವಾಸಿಯಾಯಿತು ಅನ್ನಲಾರೆ. ಆ ವರ್ಷ ಮತ್ತೊಂದು ಸಲ ಬಂತು, ದೀಪಾವಳಿಯ ಮಾರನೇ ದಿನ. ಆಗ ಬರೀ ನೋವಿನ ಔಷಧಿಯಲ್ಲೇ ಮುಗಿಯಿತು. ಕಳೆದ ತಿಂಗಳು ಅಜ್ಜಿಯೇ ಫೋನ್ ಮಾಡಿದ್ದರು. ಮೊಮ್ಮಗುವಿನ ಹುಟ್ಟುಹಬ್ಬಕ್ಕೆ ಮನೆ ತುಂಬ ನೆಂಟರಂತೆ.

"ಡಾಕ್ಟ್ರೇ, ಬೀರು ಮೇಲಿನ ಡಬ್ಬ ಎರಡು ದಿನದ ಮುಂಚೆಯೇ ನನ್ನ ರೂಮಿಗೆ ತಂದಿಡಲಾ, ಇಲ್ಲ ಅವತ್ತೇ ಸಾಕಾ?"