ಬಟ್ಟೆ ತೆಗೆಯಿರಿ ಅಂತ ಇಂಗ್ಲಿಷ್‌ನಲ್ಲಿ ಹೇಗೆ ಹೇಳುವುದು?

ಬ್ರಿಟನ್ನಿನ ಆಸ್ಪತ್ರೆಗಳಿಗೆ ಹೊರಟ ನರ್ಸ್‌ಗಳಿಗೆ ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಅವರಿಗೆ ಇಂಗ್ಲಿಷ್ ಬರಲ್ಲ ಅಂತೇನಿಲ್ಲ. ನಾಲ್ಕು ವರ್ಷದ ಬಿಎಸ್‌ಸಿ ನರ್ಸಿಂಗ್ ಓದಿದ್ದೇ ಇಂಗ್ಲಿಷ್‌ನಲ್ಲಿ. ರೋಗದ ಹೆಸರು, ಔಷಧಿಯ ಹೆಸರು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ. ಆದರೆ ಎದುರಿಗಿರುವ ರೋಗಿಗೆ ಅಂಗಿ ಬಿಚ್ಚಲು ಹೇಳಬೇಕು ಅನ್ನುವಾಗ ಮಾತು ತಡವರಿಸುತ್ತದೆ. ಕಡೆಗೆ ಬರುವುದು ‘ರಿಮೂವ್ ಯುವರ್ ಡ್ರೆಸ್’. ರೋಗಿ ಎಪ್ಪತ್ತು ದಾಟಿದ ಗಂಡಸು ಅಂತಿಟ್ಟುಕೊಳ್ಳಿ. ಅವರಿಗೆ ಕೇಳಿಸುವುದು ‘ನಿಮ್ಮ ಫ್ರಾಕ್ ತೆಗೆಯಿರಿ’ ಅಂತ.

ಅಲ್ಲಿ ‘ಎ ಡ್ರೆಸ್’ ಅಂದರೆ ಹೆಂಗಸರು ತೊಡುವ, ಮೇಲಿಂದ ಕೆಳಗೆ ಒಂದೇ ಆಗಿರುವ ಉಡುಪು. ನಮ್ಮಲ್ಲಿ ಸ್ಕೂಲ್ ಡ್ರೆಸ್, ಹುಟ್ಟುಹಬ್ಬಕ್ಕೆ ಕಲರ್ ಡ್ರೆಸ್, ಗಂಡು ಮಕ್ಕಳಿಗೂ ಹೊಸ ಡ್ರೆಸ್. ಇಲ್ಲಿ ಅದು ಸರಿಯೇ, ಎಲ್ಲರಿಗೂ ಅರ್ಥವಾಗುತ್ತದೆ. ಅಲ್ಲಿ ‘ಕ್ಲೋತ್ಸ್’ ಅನ್ನಬೇಕು. ಅದಕ್ಕೆ ಏಕವಚನವಿಲ್ಲ. ‘ಕ್ಲಾತ್’ ಅಂದರೆ ಹೊಲಿಯದ ಬಟ್ಟೆ, ‘ಎ ಕ್ಲಾತ್’ ಅಂದರೆ ಟೇಬಲ್ ಒರೆಸುವಂಥ ತುಂಡು.

ಕ್ರಿಯಾಪದವಾದರೆ ಡ್ರೆಸ್ ಎಲ್ಲರಿಗೂ ಸಲ್ಲುತ್ತದೆ, ಗಾಯಕ್ಕೂ ಸಲ್ಲುತ್ತದೆ. ಹಳೆಯ ಫ್ರೆಂಚ್‌ನಿಂದ ಬಂದ ಈ ಪದಕ್ಕೆ ಮೊದಲಿದ್ದ ಅರ್ಥ ನೆಟ್ಟಗೆ ಮಾಡು, ಅಣಿ ಮಾಡು ಅಂತ. ಅದಕ್ಕೇ ಗಾಯಕ್ಕೂ ಡ್ರೆಸ್ಸಿಂಗ್, ಸಲಾಡ್‌ಗೂ ಡ್ರೆಸ್ಸಿಂಗ್. ವಾರ್ಡಿನಲ್ಲಿ ‘ಹಿಸ್ ಡ್ರೆಸ್ಸಿಂಗ್ ನೀಡ್ಸ್ ಚೇಂಜಿಂಗ್’ ಅಂದರೆ ಪಟ್ಟಿ ಬದಲಿಸಬೇಕು, ‘ಹೀ ನೀಡ್ಸ್ ಹೆಲ್ಪ್ ವಿತ್ ಡ್ರೆಸ್ಸಿಂಗ್’ ಅಂದರೆ ಬಟ್ಟೆ ಹಾಕಿಕೊಳ್ಳಲು ಸಹಾಯ ಬೇಕು. ಪದ ಒಂದೇ, ಕೆಲಸ ಬೇರೆ ಬೇರೆ.

ಮುಂದಿನ ತೊಡಕು ‘ವೇರ್’. ಕನ್ನಡದವರಿಗೆ ಇದು ಕಾಡುವುದಕ್ಕೆ ಕಾರಣವಿದೆ. ನಾವು ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಕಂಬಳಿ ಹೊದೆಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ನಮ್ಮ ಗಮನವೆಲ್ಲ ಯಾವ ವಸ್ತು, ಮೈಯ ಯಾವ ಕಡೆ ಅನ್ನುವುದರ ಮೇಲೆ. ಇಂಗ್ಲಿಷ್ ಅದನ್ನು ಕೇಳುವುದೇ ಇಲ್ಲ. ಸೀರೆಗೂ ಹೂವಿಗೂ ಕನ್ನಡಕಕ್ಕೂ ಒಂದೇ ವೇರ್ ಸಾಕು. ಅದು ಕೇಳುವುದು, ಹಾಕಿಕೊಳ್ಳುತ್ತಿದ್ದಾರಾ, ಆಗಲೇ ಹಾಕಿಕೊಂಡು ಆಗಿದೆಯಾ ಅಂತ. ಹಾಕಿಕೊಳ್ಳುವ ಕೆಲಸ ‘ಪುಟ್ ಆನ್’. ಹಾಕಿಕೊಂಡಿರುವ ಸ್ಥಿತಿ ‘ವೇರ್’. ರೋಗಿಗೆ ‘ಪ್ಲೀಸ್ ವೇರ್ ಯುವರ್ ಸ್ಲಿಪ್ಪರ್ಸ್’ ಅಂದರೆ ಅವರಿಗೆ ಅರ್ಥವಾಗುತ್ತದೆ, ಆದರೆ ಯಾವಾಗಲೂ ಚಪ್ಪಲಿ ಹಾಕಿಕೊಂಡೇ ಓಡಾಡಿ ಅನ್ನುವ ನಿಯಮದ ಹಾಗೆ ಕೇಳಿಸುತ್ತದೆ. ಈಗ ಹಾಕಿಕೊಳ್ಳಿ ಅನ್ನಲು ‘ಪುಟ್ ಯುವರ್ ಸ್ಲಿಪ್ಪರ್ಸ್ ಆನ್’. ಅಡಿಯಿಂದ ಮುಡಿಯವರೆಗೆ ಬಟ್ಟೆ ಹಾಕಿಕೊಳ್ಳುವುದಕ್ಕೆ ‘ಗೆಟ್ ಡ್ರೆಸ್ಡ್’. ‘ಡ್ರೆಸ್ ಅಪ್’ ಅನ್ನಬೇಡಿ, ಅದು ಮದುವೆಗೆ ಹೊರಟವರಿಗೆ.

ಇನ್ನು ಬಿಚ್ಚುವ ವಿಷಯ. ಇಲ್ಲಿ ವ್ಯಾಕರಣ ಬಿಡಿ, ಮರ್ಯಾದೆ ಮುಖ್ಯ. ‘ಅನ್‌ಡ್ರೆಸ್’, ‘ಸ್ಟ್ರಿಪ್’, ‘ನೇಕೆಡ್’ ಮೂರೂ ಡಿಕ್ಷನರಿಯಲ್ಲಿ ಸಿಗುತ್ತವೆ, ಹಾಗಂತ ಮೂರನ್ನೂ ರೋಗಿಯ ಮುಂದೆ ಹೇಳಲು ಆಗುತ್ತಾ? ‘ಸ್ಟ್ರಿಪ್’ ಪೊಲೀಸ್ ತಪಾಸಣೆಯ ಮಾತು, ಇಲ್ಲವೇ ಕ್ಲಬ್ಬಿನ ಮಾತು. ‘ನೇಕೆಡ್’ ಅಂದರೆ ಬೆತ್ತಲೆ, ಅದರಲ್ಲಿ ನಾಚಿಕೆಯ ಸುಳಿವಿದೆ. ‘ನ್ಯೂಡ್’ ಚಿತ್ರಕಲೆಗೆ, ಫೋಟೋಗೆ. ‘ಟಾಪ್‌ಲೆಸ್’ ಕಡಲತೀರಕ್ಕೆ. ‘ಅನ್‌ಡ್ರೆಸ್’ ತಪ್ಪಲ್ಲ, ಆದರೆ ಒಂಟಿಯಾಗಿ ಬಳಸಿದರೆ ಬಿರುಸು. ಎಲ್ಲಿಯವರೆಗೆ ಅನ್ನುವುದನ್ನು ಸೇರಿಸಬೇಕು. ಎದೆ ಪರೀಕ್ಷೆಗೆ ‘ಟು ದ ವೇಸ್ಟ್’, ಅಂದರೆ ಸೊಂಟದವರೆಗೆ. ಕೆಳಭಾಗಕ್ಕೆ ‘ಫ್ರಮ್ ದ ವೇಸ್ಟ್ ಡೌನ್’. ಯಾವುದನ್ನು ತೆಗೆಯಬೇಕಿಲ್ಲ ಅಂತಲೂ ಹೇಳಿಬಿಡಿ: ‘ಯೂ ಕ್ಯಾನ್ ಕೀಪ್ ಯುವರ್ ಅಂಡರ್‌ವೇರ್ ಆನ್’. ಈ ಒಂದು ವಾಕ್ಯಕ್ಕೆ ರೋಗಿಯ ಅರ್ಧ ಆತಂಕ ಇಳಿಯುತ್ತದೆ ಅನ್ನುವುದು ನನ್ನ ಲೆಕ್ಕಾಚಾರ.

ಬ್ರಿಟನ್ನಿನಲ್ಲಿ ಇನ್ನೊಂದು ಮೃದು ಮಾತಿದೆ, ‘ಪಾಪ್’. ‘ಕುಡ್ ಯೂ ಜಸ್ಟ್ ಪಾಪ್ ಯುವರ್ ಟಾಪ್ ಆಫ್ ಫಾರ್ ಮೀ?’ ಮೊದಲ ಸಲ ಕೇಳಿದವರು ಕ್ಲಾಸಿನಲ್ಲಿ ನಗುತ್ತಾರೆ. ಪಾಪ್ ಅಂದರೆ ಬಲೂನು ಒಡೆಯುವುದಲ್ವಾ ಅಂತ. ಅಲ್ಲಿ ಅದು ಸುಮ್ನೆ ಒಂದು ಕ್ಷಣದ ಕೆಲಸ, ದೊಡ್ಡದೇನಿಲ್ಲ ಅನ್ನುವ ಸಮಾಧಾನ. ನಾವು ‘ಸ್ವಲ್ಪ ಅಂಗಿ ತೆಗೀತೀರಾ’ ಅಂದಾಗ ಆ ‘ಸ್ವಲ್ಪ’ ಮಾಡುವ ಕೆಲಸವನ್ನೇ ಅಲ್ಲಿ ‘ಜಸ್ಟ್’ ಮತ್ತು ‘ಪಾಪ್’ ಮಾಡುತ್ತವೆ. ಅರ್ಧ ಅಂಗಿ ತೆಗೆಯಿರಿ ಅಂತ ಯಾರೂ ತಿಳಿದುಕೊಳ್ಳಲ್ಲ. ನೈಪುಣ್ಯ ನಮ್ಮಲ್ಲಿ ಆಗಲೇ ಇದೆ, ಇಂಗ್ಲಿಷ್ ಬಂದ ಕೂಡಲೇ ಯಾಕೋ ಮರೆತುಹೋಗುತ್ತದೆ.

‘ರಿಮೂವ್’ ಪದವನ್ನು ನಾನು ಪೂರ್ತಿ ಬಿಡಿಸುವುದಿಲ್ಲ. ಎಕ್ಸ್‌ರೇ ಕೋಣೆಯ ಬೋರ್ಡಿನಲ್ಲಿ ಅದು ಚೆನ್ನಾಗಿದೆ. ಬಾಯಿಮಾತಿಗೆ ‘ಟೇಕ್ ಆಫ್’. ನಡುವೆ ‘ಇಟ್’ ಬಂದರೆ ‘ಟೇಕ್ ಇಟ್ ಆಫ್’ ಅನ್ನಬೇಕು, ‘ಟೇಕ್ ಆಫ್ ಇಟ್’ ಆಗಲ್ಲ. ಕನ್ನಡಕ, ಉಂಗುರ ‘ಆಫ್’. ಹಲ್ಲಿನ ಸೆಟ್ಟು, ಕಿವಿಯ ಮೆಷೀನು, ಕಾಂಟ್ಯಾಕ್ಟ್ ಲೆನ್ಸ್ ‘ಔಟ್’, ಒಳಗಿರುವುದು ಹೊರಗೆ ಬರಬೇಕಲ್ಲ. ಗುಂಡಿ, ಜಿಪ್ಪು ‘ಅನ್‌ಡೂ’, ಹಾಕಲು ‘ಡೂ ಅಪ್’. ‘ಓಪನ್ ದ ಬಟನ್’ ನಮ್ಮದು. ಬಿಪಿ ನೋಡುವಾಗ ‘ಫೋಲ್ಡ್ ಯುವರ್ ಸ್ಲೀವ್’ ಕೂಡ ನಮ್ಮದೇ, ತೋಳು ಮಡಚಿ ಅನ್ನುವುದರಿಂದ ಬಂದದ್ದು. ಅಲ್ಲಿ ‘ರೋಲ್ ಅಪ್ ಯುವರ್ ಸ್ಲೀವ್’.

ಪ್ಯಾಂಟ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬ್ರಿಟನ್ನಿನಲ್ಲಿ ‘ಪ್ಯಾಂಟ್ಸ್’ ಅಂದರೆ ಒಳಚಡ್ಡಿ. ಹೊರಗಿನದು ‘ಟ್ರೌಸರ್ಸ್’. ಬರೀ ಮೊಣಕಾಲು ನೋಡಬೇಕಿದ್ದಾಗ ಪ್ಯಾಂಟ್ಸ್ ತೆಗೆಯಿರಿ ಅಂದರೆ ಏನಾಗುತ್ತದೆ, ನೀವೇ ಊಹಿಸಿ. ‘ವೆಸ್ಟ್’ ಅಲ್ಲಿ ನಮ್ಮ ಬನಿಯನ್ನು, ಅಮೆರಿಕದಲ್ಲಾದರೆ ಕೋಟಿನೊಳಗೆ ಹಾಕುವ ತೋಳಿಲ್ಲದ ಜಾಕೀಟು.

ಬೆಚ್ಚಿಬೀಳಿಸುವ, ಆದರೆ ಮುಗ್ಧವಾದ ಮಾತುಗಳೂ ಇವೆ. ‘ಸ್ಟ್ರಿಪ್ ವಾಶ್’ ಅಂದರೆ ಸ್ನಾನ ಆಗದಿದ್ದಾಗ ಸಿಂಕಿನ ಮುಂದೆ ಕೂರಿಸಿ ಮೈಯೆಲ್ಲ ತೊಳೆಯುವುದು. ‘ಸ್ಟ್ರಿಪ್ ದ ಬೆಡ್’ ಅಂದರೆ ಹಾಸಿಗೆಯ ಬಟ್ಟೆ ತೆಗೆಯುವುದು. ‘ಬೇರ್ ಬಿಲೋ ದ ಎಲ್ಬೋಸ್’ ನಿಯಮಕ್ಕೆ ಇಂಗ್ಲೆಂಡಿನಲ್ಲಿ 2007ರ ಸುಮಾರಿಗೆ ಸರ್ಕಾರವೇ ಒತ್ತು ಕೊಟ್ಟಿತು. ಸೋಂಕು ಹರಡಬಾರದು, ಕೈ ಚೆನ್ನಾಗಿ ತೊಳೆಯಲು ಆಗಬೇಕು ಅಂತ ಆಸ್ಪತ್ರೆ ಸಿಬ್ಬಂದಿಯ ಮೊಣಕೈ ಕೆಳಗೆ ಅಂಗಿಯ ತೋಳು, ವಾಚು ಯಾವುದೂ ಇರಬಾರದು. ನಮ್ಮ ಹುಡುಗಿಯರ ಬಳೆ ಮೊದಲ ದಿನವೇ ಬ್ಯಾಗು ಸೇರುತ್ತದೆ. ಹೀಗೆ ಮೈಯ ಒಂದು ಭಾಗ ಬರಿದಾಗಿದ್ದರೆ ‘ಬೇರ್’, ಅದರಲ್ಲಿ ಅಶ್ಲೀಲ ಏನೂ ಇಲ್ಲ. ಬರಿಗಾಲಿಗೆ ‘ಬೇರ್‌ಫುಟ್’ ಅನ್ನುವುದಿಲ್ಲವೇ? ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ‘ಡಾನಿಂಗ್’, ‘ಡಾಫಿಂಗ್’ ನೆನಪಿದೆಯಾ? ಹಾಕಿಕೊಳ್ಳುವುದು ಡಾನಿಂಗ್, ಬಿಚ್ಚುವುದು ಡಾಫಿಂಗ್. ‘ಡೂ ಆನ್’, ‘ಡೂ ಆಫ್’ ಅನ್ನುವುದೇ ಸವೆದು ಡಾನ್, ಡಾಫ್ ಆದವು. ಪಿಪಿಇ ಕಿಟ್‌ಗೆ ಸರಿ. ಅಜ್ಜಿಯ ಸ್ವೆಟರಿಗೆ ಬೇಡ.

ಪರೀಕ್ಷೆ ಅಂತ ಬಂದರೆ, ಆರೋಗ್ಯ ಕ್ಷೇತ್ರದವರಿಗಾಗಿಯೇ ಇರುವ ಇಂಗ್ಲಿಷ್ ಪರೀಕ್ಷೆ ಓಇಟಿಯ ಸ್ಪೀಕಿಂಗ್ ಭಾಗದಲ್ಲಿ ಸುಮಾರು ಐದೈದು ನಿಮಿಷದ ಎರಡು ರೋಲ್ ಪ್ಲೇ ಇರುತ್ತವೆ. ಎದುರಿಗೆ ಕೂತವರು ರೋಗಿಯೋ ರೋಗಿಯ ಮನೆಯವರೋ ಆಗಿ ಮಾತಾಡುತ್ತಾರೆ. ಅದಕ್ಕೆ ಒಂದು ಸಂದರ್ಭವನ್ನು ಪೂರ್ತಿ ಅಭ್ಯಾಸ ಮಾಡಿಸುತ್ತೇನೆ: ಸ್ಟ್ರೋಕ್ ಆಗಿ ಎಡಗೈ ಸೋತವರಿಗೆ ಅಂಗಿ ಹಾಕುವುದು. ಹಾಕುವಾಗ ಸೋತ ಕೈ ಮೊದಲು, ತೆಗೆಯುವಾಗ ಗಟ್ಟಿ ಕೈ ಮೊದಲು. ಇದು ನರ್ಸಿಂಗ್ ಪಾಠ, ಅವರಿಗೆ ಗೊತ್ತಿರುವುದೇ. ಮಾತು ಹೀಗಿರಲಿ: ‘ಲೆಟ್ಸ್ ಗೆಟ್ ಯುವರ್ ಲೆಫ್ಟ್ ಆರ್ಮ್ ಇನ್ ಫಸ್ಟ್.’ ಬ್ಯಾಡ್ ಆರ್ಮ್, ವೀಕ್ ಆರ್ಮ್ ಅಂತ ಕೈಗೆ ಹೆಸರಿಡುವುದು ಯಾಕೆ, ಎಡಗೈ ಅಂದರೆ ಸಾಕು. ಅಂಗಿ ಹಿಂದುಮುಂದಾದರೆ ‘ಬ್ಯಾಕ್ ಟು ಫ್ರಂಟ್’, ಒಳಮೈ ಹೊರಗಾದರೆ ‘ಇನ್‌ಸೈಡ್ ಔಟ್’. ನಮಗೆ ಎರಡೂ ಉಲ್ಟಾ.

ಆಮೇಲೆ ಫೈಲಿನಲ್ಲಿ ಬರೆಯುವುದು. ‘ಪೇಷೆಂಟ್ ವಾಸ್ ನೇಕೆಡ್, ಐ ವೋರ್ ಹಿಮ್ ದ ಡ್ರೆಸ್’ ಅಂತ ಬರೆದರೆ ಬಟ್ಟೆ ಬಿಡಿ, ಆ ಮನುಷ್ಯನನ್ನೇ ನೀವು ತೊಟ್ಟುಕೊಂಡ ಹಾಗಾಯಿತು. ‘ಅಸಿಸ್ಟೆಡ್ ವಿತ್ ವಾಶಿಂಗ್ ಆಂಡ್ ಡ್ರೆಸ್ಸಿಂಗ್’ ಅಂತ ಬರೆಯಿರಿ. ಒಬ್ಬರೇ ಹಾಕಿಕೊಂಡರೆ ‘ಡ್ರೆಸ್ಡ್ ಇಂಡಿಪೆಂಡೆಂಟ್ಲಿ’, ಗುಂಡಿಗೆ ಮಾತ್ರ ಸಹಾಯ ಮಾಡಿದ್ದರೆ ಅದನ್ನೂ ಸೇರಿಸಿ, ಮನೆಗೆ ಕಳಿಸಬಹುದಾ ಅಂತ ತೀರ್ಮಾನಿಸುವವರು ನೋಡುವ ಸಾಲುಗಳಲ್ಲಿ ಅದೂ ಒಂದು.