ದಾರಿ ಮುಚ್ಚಿದ ಮೇಲೆ ಸಿಯಾಚಿನ್ ಯೋಧರಿಗೆ ಊಟ, ಎಣ್ಣೆ ಎಲ್ಲಿಂದ?

ಪ್ರಶ್ನೆ: ಚಳಿಗಾಲದಲ್ಲಿ ಲಡಾಖ್‌ನ ರಸ್ತೆಗಳು ಹಿಮ ಬಿದ್ದು ಮುಚ್ಚಿಹೋಗುತ್ತವೆ ಎಂದು ಓದುತ್ತೇವೆ. ಆ ತಿಂಗಳುಗಳಲ್ಲಿ ಸಿಯಾಚಿನ್‌ನಂಥ ಕಡೆ ಕಾವಲಿರುವ ಸೈನಿಕರಿಗೆ ಆಹಾರ, ಇಂಧನ ಹೇಗೆ ತಲಪುತ್ತವೆ?

ಉತ್ತರ: ಬಹುಪಾಲು ಸಾಮಗ್ರಿ ಚಳಿಗಾಲಕ್ಕೆ ಮೊದಲೇ ತಲಪಿರುತ್ತದೆ. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಸುಮಾರು 11,500 ಅಡಿ ಎತ್ತರದ ಜೋಜಿಲಾ ಎಂಬ ಬೆಟ್ಟದ ಕಣಿವೆದಾರಿ ಇದೆ. ಮನಾಲಿ ಕಡೆಯ ದಾರಿಯಲ್ಲಿ 16,000 ಅಡಿ ಎತ್ತರದ ಬಾರಾಲಾಚಾ ಕಣಿವೆದಾರಿ ಇದೆ. 2020ರಲ್ಲಿ ಉದ್ಘಾಟನೆಯಾದ ಅಟಲ್ ಸುರಂಗದಿಂದ ಅದೇ ದಾರಿಯ ರೋಹ್ತಾಂಗ್ ಕಣಿವೆಯ ತೊಡಕು ತಪ್ಪಿತಾದರೂ ಅದರಾಚೆಯ ಬಾರಾಲಾಚಾ ಹಾಗೆಯೇ ಉಳಿದಿದೆ. ಈ ದಾರಿಗಳು ತೆರೆದಿರುವಾಗಲೇ ಚಳಿಗಾಲಕ್ಕೆ ಬೇಕಾದ ಅಕ್ಕಿ, ಗೋಧಿಹಿಟ್ಟು, ಬೇಳೆ, ಸೀಮೆಎಣ್ಣೆ, ಔಷಧ, ಮದ್ದುಗುಂಡುಗಳನ್ನು ಲಾರಿಗಳಲ್ಲಿ ಮೇಲಕ್ಕೆ ಸಾಗಿಸಿ ಕೂಡಿಡುವ ಕೆಲಸಕ್ಕೆ ಸೇನೆಯಲ್ಲಿ ಅಡ್ವಾನ್ಸ್ ವಿಂಟರ್ ಸ್ಟಾಕಿಂಗ್ ಎಂದು ಹೆಸರು.

ಇದರ ಲೆಕ್ಕ ಶುರುವಾಗುವುದು ತುತ್ತತುದಿಯ ಠಾಣೆಯಿಂದ. ಉದಾಹರಣೆಗೆಂದು ಇಪ್ಪತ್ತು ಮಂದಿಯ ಒಂದು ಠಾಣೆಯನ್ನು ಊಹಿಸಿಕೊಳ್ಳೋಣ. ಒಬ್ಬರಿಗೆ ದಿನಕ್ಕೆ ಆಹಾರ, ಎಣ್ಣೆ ಎಲ್ಲ ಸೇರಿ 5 ಕಿಲೋ ಎಂದಿಟ್ಟುಕೊಂಡರೂ 150 ದಿನಕ್ಕೆ 15,000 ಕಿಲೋ ಬೇಕಾಗುತ್ತದೆ. ಬಯಲಿನಲ್ಲಿ ಅದು ಎರಡು ಲಾರಿಗಳ ಹೊರೆ. ಆದರೆ 20,000 ಅಡಿಯ ಆಸುಪಾಸಿನಲ್ಲಿ ಗಾಳಿ ತೆಳುವಾಗಿರುವುದರಿಂದ ರೋಟರ್‌ಗೂ ಎಂಜಿನ್‌ಗೂ ಬಲ ಸಾಲದೆ, ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಚೀತಾ ಹೆಲಿಕಾಪ್ಟರ್ ಒಮ್ಮೆಗೆ ಹೊರಬಲ್ಲದ್ದು ಕೆಲವು ಹತ್ತು ಕಿಲೋಗಳಷ್ಟೇ. ಒಂದು ಹಾರಾಟಕ್ಕೆ 50 ಕಿಲೋದಂತೆ ಎಣಿಸಿದರೂ ಅದೇ ಸಾಮಾನಿಗೆ 300 ಹಾರಾಟ ಬೇಕು. ಅದರಲ್ಲೂ ಮೋಡ ಕವಿದ, ಹಿಮಗಾಳಿ ಬೀಸುವ ದಿನಗಳನ್ನು ಕಳೆದು ಉಳಿದ ದಿನಗಳಲ್ಲೇ ಅಷ್ಟನ್ನೂ ಮುಗಿಸಬೇಕು. ಲೇಹ್‌ನ ಗೋದಾಮು ತುಂಬಿತುಳುಕುತ್ತಿದ್ದರೂ ಈ ಕೊನೆಯ ಮೆಟ್ಟಿಲು ಇಕ್ಕಟ್ಟಾದರೆ ಠಾಣೆ ಬರಿದಾಗಿಯೇ ಇರುತ್ತದೆ. ಆದ್ದರಿಂದ ಸಾಗಣೆಯ ಯೋಜನೆಯಲ್ಲಿ ಮೊದಲು ಅಳೆಯಬೇಕಾದದ್ದು ದಾರಿಯ ಅತ್ಯಂತ ಕಿರಿದಾದ ಜಾಗವನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೊರೆಯಲ್ಲಿ ಸೀಮೆಎಣ್ಣೆಯ ಪಾಲು ಎಷ್ಟು ದೊಡ್ಡದೆಂಬುದು ಹೊರಗಿನವರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಅಲ್ಲಿ ಸುತ್ತ ಕಣ್ಣು ಹಾಯಿಸಿದಷ್ಟೂ ಹಿಮವಿದ್ದರೂ ಒಂದು ಲೋಟ ಕುಡಿಯುವ ನೀರಿಗೆ ಸ್ಟೌ ಹೊತ್ತಿಸಿ ಹಿಮ ಕರಗಿಸಬೇಕು. ಗುಡಾರ ಬೆಚ್ಚಗಿಡುವುದಕ್ಕೂ ಅದೇ ಎಣ್ಣೆ. ಮೊಟ್ಟೆ ಕಲ್ಲಿನಂತಾಗುತ್ತದೆ, ಡಬ್ಬಿಯ ಆಹಾರವನ್ನು ಕಾಯಿಸದೆ ಚಮಚ ಇಳಿಯುವುದಿಲ್ಲ. ಸಾಮಾನ್ಯ ಡೀಸೆಲ್ ಕೂಡ ಹೆಪ್ಪುಗಟ್ಟುವುದರಿಂದ, ಮೈನಸ್ 33 ಡಿಗ್ರಿಯವರೆಗೂ ಹರಿಯುವ ವಿಶೇಷ ಡೀಸೆಲನ್ನು ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್‌ಗೆ ಒದಗಿಸಿತು. ತಿನ್ನುವ ಪದಾರ್ಥ ಹಗುರವಾಗಿರಬೇಕು, ತಿಂಗಳುಗಟ್ಟಲೆ ಕೆಡಬಾರದು. 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಪೊಟ್ಟಣದಲ್ಲಿ ಬಹುಕಾಲ ಉಳಿಯುವ ಸಿದ್ಧ ಆಹಾರಗಳನ್ನು ರೂಪಿಸಿದ್ದು ಈ ಅಗತ್ಯಕ್ಕಾಗಿಯೇ.

ಮದ್ದುಗುಂಡಿನ ಲೆಕ್ಕ ಬೇರೆ ಬಗೆಯದು. ಊಟದಂತೆ ಅದು ದಿನವೂ ಒಂದೇ ಸಮನೆ ಖರ್ಚಾಗುವುದಿಲ್ಲ. ತಿಂಗಳುಗಟ್ಟಲೆ ಮುಟ್ಟದೆ ಇದ್ದದ್ದು ಕೆಲವೇ ದಿನಗಳಲ್ಲಿ ಬರಿದಾಗಬಹುದು. 1999ರ ಕಾರ್ಗಿಲ್ ಸಮರದಲ್ಲಿ ಶತ್ರು ಹಿಡಿದಿದ್ದ ತೋಲೋಲಿಂಗ್‌ನಂಥ ಶಿಖರಗಳಿಂದ ಶ್ರೀನಗರ–ಲೇಹ್ ಹೆದ್ದಾರಿಯೇ ಕಾಣುತ್ತಿತ್ತು, ಸರಬರಾಜಿನ ದಾರಿಯೇ ಫಿರಂಗಿಗಳ ಗುರಿಯಾಗಿತ್ತು. ಅಂಥ ಹೊತ್ತಿಗೆಂದೇ ದಾಸ್ತಾನನ್ನು ಹಲವು ಕಡೆ ಹಂಚಿಡುತ್ತಾರೆ.

ವಿಮಾನಗಳಿವೆಯಲ್ಲ ಎಂದು ಕೇಳಬಹುದು. ಲೇಹ್‌ವರೆಗೆ ಸಿ-17, ಐಎಲ್-76 ಎಂಬ ಭಾರಿ ಸಾಗಣೆ ವಿಮಾನಗಳು ಬರುತ್ತವೆ. 2020ರಲ್ಲಿ ಪೂರ್ವ ಲಡಾಖ್‌ಗೆ ಹೆಚ್ಚುವರಿ ಪಡೆ ಬಂದಾಗ ಅವು ಬಹಳ ನೆರವಾದವು. ಆದರೆ ಬಯಲಿನಿಂದ ಬಂದಿಳಿದ ಯೋಧ ನೇರವಾಗಿ ಠಾಣೆಗೆ ಹೋಗುವಂತಿಲ್ಲ. ಮೊದಲ ಹಂತದ ಎತ್ತರದಲ್ಲಿ ಆರು ದಿನ, ಮುಂದಿನ ಎರಡು ಹಂತಗಳಲ್ಲಿ ನಾಲ್ಕು ನಾಲ್ಕು ದಿನ ಉಳಿದು ಮೈಯನ್ನು ಒಗ್ಗಿಸಿಕೊಳ್ಳಬೇಕು. ಆ ಹದಿನಾಲ್ಕು ದಿನಗಳ ಊಟ, ಹಾಸಿಗೆ, ಸೀಮೆಎಣ್ಣೆಯೂ ದಾರಿ ಮುಚ್ಚುವ ಮೊದಲೇ ಮೇಲೆ ಸೇರಿರಬೇಕು.